ಹತ್ತಿ, ಎಣ್ಣೆ, ಸಿಡಿಮದ್ದು: ಒಂದೇ ಹಡಗಿನ ಒಡಲಲ್ಲಿ

ಯುದ್ಧಕಾಲದ ಸರಕು ಹಡಗು ಎಂದರೆ ಟಾರ್ಪಿಡೊ, ಜಲಾಂತರ್ಗಾಮಿಗಳೇ ನೆನಪಾಗುತ್ತವೆ. ಆದರೆ 1944ರ ಏಪ್ರಿಲ್ 14ರಂದು ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕಿನ್’ ಸಿಡಿದಾಗ ಯಾವ ಶತ್ರುವೂ ಅದರ ಮೇಲೆ ದಾಳಿ ಮಾಡಿರಲಿಲ್ಲ. ಅದರ ಸರಕೇ ಅದಕ್ಕೆ ಮುಳುವಾಯಿತು.

ಇಂಗ್ಲೆಂಡಿನಿಂದ ಹೊರಟಾಗ ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳು ಇದ್ದವು. ಕರಾಚಿಯಲ್ಲಿ ಹತ್ತಿಯ ಮೂಟೆಗಳು ಮತ್ತು ಎಣ್ಣೆಯ ಪೀಪಾಯಿಗಳು ಸೇರಿಕೊಂಡವು. ಯುದ್ಧಕಾಲದಲ್ಲಿ ಹಡಗಿನ ಪ್ರತಿ ಅಡಿ ಜಾಗಕ್ಕೂ ಪೈಪೋಟಿ. ಹಾಗಾಗಿ ಶಾಂತಿಕಾಲದಲ್ಲಿ ಯಾರೂ ಒಪ್ಪದ ನೆರೆಹೊರೆ ಅಲ್ಲಿ ಏರ್ಪಟ್ಟಿತು.

ಹತ್ತಿಯ ಬೆಂಕಿ ಮೋಸದ ಬೆಂಕಿ. ಬಿಗಿದ ಮೂಟೆಯ ಎಳೆಗಳ ನಡುವೆಯೂ ಗಾಳಿ ಉಳಿದಿರುತ್ತದೆ. ಒಂದು ಕಿಡಿ ಒಳಹೊಕ್ಕರೆ ಜ್ವಾಲೆಯೇ ಕಾಣದಂತೆ ಗಂಟೆಗಟ್ಟಲೆ ಕನಲುತ್ತದೆ. ಕಚ್ಚಾ ಹತ್ತಿಯ ಎಳೆಗೆ ಸಹಜವಾದ ಮೇಣದ ಲೇಪವಿರುವುದರಿಂದ ಮೇಲೆ ಸುರಿದ ನೀರು ಕೆಂಡದವರೆಗೆ ಸುಲಭವಾಗಿ ಇಳಿಯುವುದಿಲ್ಲ. ಆ ಮಧ್ಯಾಹ್ನ 900 ಟನ್ನಿಗೂ ಹೆಚ್ಚು ನೀರು ಹಾಯಿಸಿದರೂ ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಸಿಗಲಿಲ್ಲ.

ಸ್ಫೋಟಕದ ಸ್ವಭಾವ ಬೇರೆ. ಬಯಲಿನಲ್ಲಿ ಟಿಎನ್‌ಟಿ ಎಂಬ ಸ್ಫೋಟಕಕ್ಕೆ ಸ್ವಲ್ಪ ಪ್ರಮಾಣದಲ್ಲಿ ಬೆಂಕಿ ಹಚ್ಚಿದರೆ ಅದು ಸಾಮಾನ್ಯವಾಗಿ ಕಪ್ಪು ಹೊಗೆ ಉಗುಳುತ್ತಾ ಉರಿಯುತ್ತದೆಯೇ ಹೊರತು ಸಿಡಿಯುವುದಿಲ್ಲ. ಅದೇ ಸ್ಫೋಟಕ ರಾಶಿರಾಶಿಯಾಗಿ ಕಬ್ಬಿಣದ ಗೋಡೆಗಳ ನಡುವೆ ಇದ್ದರೆ ಅನಿಲಕ್ಕೆ ಹೊರದಾರಿಯಿಲ್ಲ. ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಉರಿಯ ವೇಗ ಹೆಚ್ಚುತ್ತದೆ. ಆ ವೇಗ ಸ್ಫೋಟಕದೊಳಗಿನ ಶಬ್ದದ ವೇಗವನ್ನು ಮೀರಿದ ಕ್ಷಣ ಉರಿ ಆಘಾತ ತರಂಗವಾಗಿ ಬದಲಾಗುತ್ತದೆ. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, 28 ನಿಮಿಷಗಳ ನಂತರ ಇನ್ನೂ ಭೀಕರವಾದ ಎರಡನೆಯದು. ಶಿಮ್ಲಾದ ಭೂಕಂಪಮಾಪಕದಲ್ಲೂ ಅದರ ಗೆರೆ ಮೂಡಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ. ಭಾರತ ಇಂದಿಗೂ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರಿಗಾಗಿ.

ಸರಕಿನಷ್ಟೇ ಅಪಾಯಕಾರಿ ಅದರ ಸುತ್ತಲಿನ ಗೋಪ್ಯತೆ. 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ದಾಳಿ ಮಾಡಿದವು. ನಾಶವಾದ ಹಡಗುಗಳಲ್ಲಿ ಅಮೆರಿಕದ ‘ಜಾನ್ ಹಾರ್ವೆ’ಯೂ ಒಂದು. ಅದರಲ್ಲಿ ಸಾಸಿವೆ ಅನಿಲ ಎಂಬ, ಚರ್ಮದ ಮೇಲೆ ಬೊಬ್ಬೆ ಎಬ್ಬಿಸುವ ವಿಷದ 2,000 ಬಾಂಬುಗಳಿದ್ದವು. ವಿಷ ನೀರಿನ ಮೇಲಿನ ತೈಲದಲ್ಲಿ ಬೆರೆತು, ಈಜಿ ದಡ ಸೇರಿದವರ ಮೈಗೆ ಅಂಟಿಕೊಂಡಿತು. ಸರಕಿನ ಗುಟ್ಟು ತಿಳಿಯದ ವೈದ್ಯಕೀಯ ಸಿಬ್ಬಂದಿ ಒದ್ದೆ ಬಟ್ಟೆ ತೆಗೆಸದೆ ಕಂಬಳಿ ಹೊದಿಸಿ ಬೆಚ್ಚಗಿಟ್ಟರು. ತಕ್ಷಣ ಮೈ ತೊಳೆದಿದ್ದರೆ ಎಷ್ಟೋ ಜನರ ನೋವು ತಗ್ಗುತ್ತಿತ್ತು. ಶತ್ರುವಿನಿಂದ ಬಚ್ಚಿಟ್ಟ ಮಾಹಿತಿ ವೈದ್ಯರಿಗೂ ದಕ್ಕದೆ ಹೋದದ್ದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಈಗ ಅಪಾಯಕಾರಿ ಸರಕಿನ ಸಾಗಣೆಗೆ ಅಂತರರಾಷ್ಟ್ರೀಯ ಸಂಹಿತೆಯಿದೆ. ಅದು ಮೊದಲು ಅಂಗೀಕೃತವಾದದ್ದು 1965ರಲ್ಲಿ. ಸ್ಫೋಟಕದ ಪೆಟ್ಟಿಗೆಯ ಮೇಲೆ ಕಿತ್ತಳೆ ಬಣ್ಣದ ಚೌಕಾಕಾರದ ಚೀಟಿ, ಅದರಲ್ಲಿ ‘1.1 ಡಿ’ಯಂಥ ಗುರುತು. ‘1.1’ ಎಂದರೆ ಇಡೀ ರಾಶಿ ಒಮ್ಮೆಗೇ ಸಿಡಿಯಬಲ್ಲದು; ಅಕ್ಷರವು ಯಾವುದರ ಜೊತೆ ಇಡಬಹುದು, ಇಡಬಾರದು ಎಂಬುದನ್ನು ನಿರ್ಧರಿಸುತ್ತದೆ. ಏಣಿ ಹತ್ತುವ ಮೊದಲೇ ಅಗ್ನಿಶಾಮಕ ಸಿಬ್ಬಂದಿಯ ಕೈಗೆ ಸಿಗಬೇಕಾದದ್ದು ಈ ವಿವರವೇ.