ಪದ ಪರಿಚಯ: ಕರೆಕ್ಟೆಬಲ್ ಎರರ್

ಸರ್ವರ್ ಆಗಾಗ ಬೀಳುತ್ತಿದೆ. ಒಂದು ಸಲ ಡೇಟಾಬೇಸ್ ಸತ್ತಿರುತ್ತದೆ, ಇನ್ನೊಂದು ಸಲ ಕರ್ನಲ್ ಪ್ಯಾನಿಕ್ (ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್‌ನ ತಿರುಳಾದ ಕರ್ನಲ್ಲೇ ಕೈಚೆಲ್ಲಿ ನಿಲ್ಲುವುದು), ಮತ್ತೊಂದು ಸಲ ಸುಳಿವೇ ಇಲ್ಲದೆ ರೀಬೂಟ್. ಸಾಫ್ಟ್‌ವೇರ್ ತಪ್ಪಾಗಿದ್ದರೆ ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತದೆ. ದಿನಕ್ಕೊಂದು ಕಡೆ ಬೀಳುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಆಗ ಲಾಗ್‌ನಲ್ಲಿ ಹುಡುಕಬೇಕಾದದ್ದು ಕರೆಕ್ಟೆಬಲ್ ಎರರ್ (ಮೆಮೊರಿಯಲ್ಲಿ ಸಿಕ್ಕಿ, ತಿದ್ದಲು ಆದ ತಪ್ಪು), ಚಿಕ್ಕದಾಗಿ ಸಿಇ.

ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಇಸಿಸಿ (ಎರರ್ ಕರೆಕ್ಟಿಂಗ್ ಕೋಡ್, ತಪ್ಪು ತಿದ್ದುವ ಸಂಕೇತ) ರ‍್ಯಾಮ್ ಇರುತ್ತದೆ. ಹಳೆಯ, ಸರಳ ಲೆಕ್ಕದಲ್ಲಿ ಪ್ರತಿ 64 ಬಿಟ್ ಡೇಟಾಗೆ 8 ಬಿಟ್ ಜಾಸ್ತಿ ಇಟ್ಟಿರುತ್ತಾರೆ. ಓದುವಾಗ ಎರಡನ್ನೂ ತಾಳೆ ನೋಡಲಾಗುತ್ತದೆ. ಒಂದು ಬಿಟ್ ಮಗುಚಿದ್ದರೆ (0 ಇದ್ದದ್ದು 1, ಅಥವಾ 1 ಇದ್ದದ್ದು 0 ಆಗಿದ್ದರೆ) ಯಾವುದು ಅಂತ ಹಿಡಿದು, ಅಲ್ಲೇ ತಿದ್ದಿ, ಒಂದು ಸಿಇ ಎಣಿಸುತ್ತದೆ. ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ವಿಧಾನದ ವಂಶವೇ ಇದು. ವಾರಾಂತ್ಯದಲ್ಲಿ ಓಡಲು ಬಿಟ್ಟ ಲೆಕ್ಕಗಳು ತಪ್ಪು ಸಿಕ್ಕ ಕೂಡಲೇ ನಿಂತುಹೋಗುತ್ತಿದ್ದದ್ದಕ್ಕೆ ಅವರು ರೋಸಿಹೋಗಿದ್ದರು.

ಎರಡು ಬಿಟ್ ಒಟ್ಟಿಗೆ ಕೆಟ್ಟರೆ, ಕೆಟ್ಟಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ, ತಿದ್ದಲು ಆಗುವುದಿಲ್ಲ. ಇದು ಅನ್‌ಕರೆಕ್ಟೆಬಲ್. ಆ ಜಾಗ ಡೇಟಾಬೇಸ್ ಬಳಸುತ್ತಿದ್ದದ್ದಾದರೆ ಲಿನಕ್ಸ್ ಅದೊಂದನ್ನೇ ಕೊಂದು ಮುಂದೆ ಹೋಗಬಹುದು. ಕರ್ನಲ್‌ನದೇ ಆಗಿದ್ದರೆ ಪ್ಯಾನಿಕ್. ಕಾಯಿಲೆ ಒಂದೇ ಆದರೂ ದಿನಕ್ಕೊಂದು ಲಕ್ಷಣ ಕಾಣುವುದು ಇದಕ್ಕೇ.

'ತಿದ್ದಿ ಆಯ್ತಲ್ಲ, ಇನ್ನೇನು' ಅಂತ ಸಿಇ ಸಾಲನ್ನು ದಾಟಿ ಹೋಗುವವರೇ ಜಾಸ್ತಿ. ಗೂಗಲ್‌ನ ಸರ್ವರ್‌ಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳಿತು. ವರ್ಷದಲ್ಲಿ ಸುಮಾರು 8% ರ‍್ಯಾಮ್ ಸ್ಟಿಕ್‌ಗಳಲ್ಲಿ ಸಿಇ ಕಂಡಿತ್ತು. ಸಿಇ ಕಂಡ ಸ್ಟಿಕ್ ಮುಂದೆ ಅನ್‌ಕರೆಕ್ಟೆಬಲ್ ಕಡೆಗೆ ಹೋಗುವ ಸಾಧ್ಯತೆ ಉಳಿದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಬಿಟ್ ಮಗುಚಿದ್ದಕ್ಕೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣದ ಮೇಲೆ ಹಾಕುವ ದೂರಿನಲ್ಲಿ ಬಹುಪಾಲು ಹಾರ್ಡ್‌ವೇರ್‌ನದೇ ತಪ್ಪು.

ತಿಂಗಳುಗಟ್ಟಲೆ ಓಡಿದ ಮೆಷಿನ್‌ನಲ್ಲಿ ಎಲ್ಲೋ ಒಂದು ಸಿಇ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಸ್ಟಿಕ್‌ನ ಲೆಕ್ಕ ಏರುತ್ತಾ ಹೋದರೆ ಬಿಡಬೇಡಿ. ಲಿನಕ್ಸ್‌ನ ಲಾಗ್‌ನಲ್ಲಿ (ಈಡಾಕ್ ಅಂದರೆ ಅದರ ಮೆಮೊರಿ ತಪ್ಪು ಎಣಿಸುವ ಭಾಗ) 'ಈಡಾಕ್ ಎಂಸಿ0: 1 ಸಿಇ ಮೆಮೊರಿ ರೀಡ್ ಎರರ್' ಅಂತ ಶುರುವಾಗುವ ಸಾಲಿನ ಕೊನೆಯ ಕಡೆ ಚಾನೆಲ್, ಸ್ಲಾಟ್ ನಂಬರ್ ಇರುತ್ತದೆ. ಬೇಕಾದದ್ದು ಅದು. ಕೆಲವು ಬಯೋಸ್‌ಗಳು (ಮೆಷಿನ್ ಶುರು ಮಾಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಒಂದು ಮಿತಿ ದಾಟುವವರೆಗೆ ಓಎಸ್‌ಗೆ ಬಾಯಿಯೇ ಬಿಡುವುದಿಲ್ಲ, ಇದೊಂದು ಕಿರಿಕಿರಿ. ಹಾಗಾಗಿ ಬಿಎಂಸಿಯ (ಓಎಸ್‌ನ ಹಂಗಿಲ್ಲದೆ ಸರ್ವರ್ ಮೇಲೆ ಕಣ್ಣಿಡುವ ಚಿಪ್) ಈವೆಂಟ್ ಲಾಗ್ ಕೂಡ ನೋಡಿ. ಓಎಸ್ ಏನೂ ಬರೆಯದೆ ಸತ್ತಾಗಲೂ ಅಲ್ಲಿ ದಾಖಲೆ ಉಳಿದಿರುವುದುಂಟು.

ಆಮೇಲೆ ಅನುಮಾನದ ಸ್ಟಿಕ್ ಅನ್ನು ಬೇರೆ ಸ್ಲಾಟ್‌ನ ಸ್ಟಿಕ್ ಜೊತೆ ಅದಲು ಬದಲು ಮಾಡಿ, ಬೇರೇನನ್ನೂ ಮುಟ್ಟದೆ, ಎಂದಿನ ಲೋಡ್‌ನಲ್ಲೇ ಓಡಿಸಿ. ಎರರ್ ಸ್ಟಿಕ್ ಹಿಂದೆಯೇ ಹೋದರೆ ಸ್ಟಿಕ್ ಬದಲಾಯಿಸಿ. ಹಳೇ ಸ್ಲಾಟ್‌ನಲ್ಲೇ ಉಳಿದರೆ ಸ್ಲಾಟ್, ಸಿಪಿಯು ಕೂರುವ ಸಾಕೆಟ್‌ನ ಬಾಗಿದ ಪಿನ್ ಅಥವಾ ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಕಣ್ಣಿಡಿ. ಎರರ್ ಮಾಯವೇ ಆಗಿಬಿಟ್ಟರೆ ಸ್ಟಿಕ್ ಸರಿಯಾಗಿ ಕೂತಿರಲಿಲ್ಲ ಅಂತಲೂ ಇರಬಹುದು. ರಾತ್ರಿಯೆಲ್ಲಾ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್) ಪಾಸಾಯ್ತು ಅಂತ ಮಾತ್ರ ಸ್ಟಿಕ್‌ಗೆ ಕ್ಲೀನ್ ಚಿಟ್ ಕೊಡಬೇಡಿ; ಕೆಲವು ಬಿಸಿ ಏರಿದಾಗ ಮಾತ್ರ ಕೈಕೊಡುತ್ತವೆ.