ಪದ ಪರಿಚಯ: ಸೆಕ್ರೀಟರಿ ಕಾರ್ಸಿನೋಮಾ

ಸೆಕ್ರೀಟರಿ ಕಾರ್ಸಿನೋಮಾ ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವ ಒಂದು ವಿರಳ ಕ್ಯಾನ್ಸರ್. ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ. ಹೆಚ್ಚಾಗಿ ಕಾಣುವುದು ಕಿವಿಯ ಮುಂದೆ ಮತ್ತು ಕೆಳಗೆ ಇರುವ ಪೆರೋಟಿಡ್ ಗ್ರಂಥಿಯಲ್ಲಿ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ ಗ್ರಂಥಿ. ತುಟಿ, ಕೆನ್ನೆಯ ಒಳಭಾಗ, ಅಂಗುಳಗಳಲ್ಲಿ ಚದುರಿರುವ ನೂರಾರು ಸಣ್ಣ ಗ್ರಂಥಿಗಳಲ್ಲೂ ಬರಬಹುದು. ಕೈಗೆ ಸಿಗುವ ಲಕ್ಷಣವೆಂದರೆ ನೋವಿಲ್ಲದ ಒಂದು ಗಂಟು, ಅಷ್ಟೆ. ಇದರ ನಿಜವಾದ ಗುರುತು ಇರುವುದು ಜೀನ್‌ಗಳಲ್ಲಿ. 12 ಮತ್ತು 15ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಎಂಬ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ.

2010ರವರೆಗೆ ಜೊಲ್ಲುಗ್ರಂಥಿ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಈ ಹೆಸರೇ ಇರಲಿಲ್ಲ. ಸ್ತನದ ಒಂದು ವಿರಳ ಕ್ಯಾನ್ಸರ್‌ನಲ್ಲಿ ಇದೇ ಜೀನ್ ಬೆಸುಗೆ ಇದೆ ಎಂಬುದು 2002ರಿಂದ ಗೊತ್ತಿತ್ತು. ಜೆಕ್ ದೇಶದ ಪೆಥಾಲಜಿಸ್ಟ್ ಅಲೆನಾ ಸ್ಕಾಲೋವಾ ಮತ್ತು ಸಂಗಡಿಗರು ಜೊಲ್ಲುಗ್ರಂಥಿಯ 16 ಗಡ್ಡೆಗಳನ್ನು ವರದಿ ಮಾಡಿ, ಇವು ಸ್ತನದ ಆ ಗಡ್ಡೆಯನ್ನೇ ಹೋಲುತ್ತವೆ, ಬೆಸುಗೆಯೂ ಅದೇ ಎಂದು ತೋರಿಸಿದರು. ಆಗ ಇಟ್ಟ ಹೆಸರು ‘ಮ್ಯಾಮರಿ ಅನಲಾಗ್ ಸೆಕ್ರೀಟರಿ ಕಾರ್ಸಿನೋಮಾ’, ಚಿಕ್ಕದಾಗಿ ಮ್ಯಾಸ್ಕ್. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ‘ಮ್ಯಾಮರಿ ಅನಲಾಗ್’ ಎಂಬ ಭಾಗವನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು. ಹಳೆಯ ವರದಿಯಲ್ಲಿ ಮ್ಯಾಸ್ಕ್ ಎಂದಿದ್ದರೆ ಅದು ಇದೇ ಕಾಯಿಲೆ. ಸ್ತನದಿಂದ ಹರಡಿಕೊಂಡು ಬಂದದ್ದಲ್ಲ.

ಹಾಗಾದರೆ 2010ಕ್ಕೂ ಮೊದಲು ಇಂಥ ಗಡ್ಡೆಗಳನ್ನು ಏನೆಂದು ಕರೆಯುತ್ತಿದ್ದರು? ಬಹುಪಾಲು ‘ಅಸಿನಿಕ್ ಸೆಲ್ ಕಾರ್ಸಿನೋಮಾ’ (ಜೊಲ್ಲುಗ್ರಂಥಿಯದೇ ಇನ್ನೊಂದು ಕ್ಯಾನ್ಸರ್) ಎಂದು, ಉಳಿದವನ್ನು ಯಾವ ಗುಂಪಿಗೂ ಸೇರದ ಅಡಿನೋಕಾರ್ಸಿನೋಮಾ, ಅಂದರೆ ಗ್ರಂಥಿಕೋಶದ ಕ್ಯಾನ್ಸರ್ ಎಂದು. ಈ ಗೊಂದಲಕ್ಕೆ ಕಾರಣವಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೆಕ್ರೀಟರಿ, ಅಸಿನಿಕ್ ಎರಡರಲ್ಲೂ ಕೋಶಗಳು ಒಂದೇ ಗಾತ್ರದವು, ವಿಭಜನೆ ಕಡಿಮೆ, ನಡುನಡುವೆ ಸಣ್ಣ ಸಣ್ಣ ಪೊಳ್ಳುಗಳು. ಆದರೆ ಅಸಿನಿಕ್ ಕೋಶದೊಳಗೆ ಝೈಮೋಜನ್ ಎಂಬ ನೀಲಿ ಛಾಯೆಯ ಹರಳುಗಳು ತುಂಬಿರುತ್ತವೆ. ಸೆಕ್ರೀಟರಿಯಲ್ಲಿ ಅವು ಇರುವುದಿಲ್ಲ. ಕೋಶ ನಸುಗೆಂಪಾಗಿ, ಒಳಗೆ ಗುಳ್ಳೆ ಗುಳ್ಳೆಯಾಗಿ ಕಾಣುತ್ತದೆ, ಪೊಳ್ಳುಗಳಲ್ಲಿ ಗುಲಾಬಿ ಬಣ್ಣದ ಸ್ರಾವ ನಿಂತಿರುತ್ತದೆ. ಸಕ್ಕರೆಯಂಶವಿರುವ ಪದಾರ್ಥಗಳನ್ನು ಎತ್ತಿ ತೋರಿಸುವ ಪಿಎಎಸ್ ಬಣ್ಣ ಹಾಕುವಾಗ ಎಡವುವುದು ಇಲ್ಲೇ. ಗ್ಲೈಕೋಜನ್ ಕರಗಿಸುವ ಡಯಾಸ್ಟೇಸ್ ಕಿಣ್ವ ಹಾಕಿದ ಮೇಲೂ ಝೈಮೋಜನ್ ಹರಳು ಬಣ್ಣ ಹಿಡಿದಿರುತ್ತದೆ, ಪೊಳ್ಳಿನ ಸ್ರಾವವೂ ಹಿಡಿದಿರುತ್ತದೆ. ‘ಪಿಎಎಸ್ ಪಾಸಿಟಿವ್’ ಎಂಬ ಎರಡು ಪದಗಳಿಂದ ಏನೂ ಇತ್ಯರ್ಥವಾಗದು. ಬಣ್ಣ ಕೋಶದ ಒಳಗಿದೆಯೋ ಪೊಳ್ಳಿನಲ್ಲಿದೆಯೋ ಎಂದು ನೋಡಬೇಕು.

ಗಡ್ಡೆ ಎಲ್ಲಿತ್ತು ಎಂಬುದೂ ಒಂದು ಸುಳಿವು. ಝೈಮೋಜನ್ ತಯಾರಿಸುವ, ನೀರಿನಂಥ ಜೊಲ್ಲು ಸುರಿಸುವ ಸೀರಸ್ ಕೋಶಗಳು ಹೇರಳವಾಗಿರುವುದು ಪೆರೋಟಿಡ್‌ನಲ್ಲಿ. ತುಟಿ ಅಥವಾ ಕೆನ್ನೆಯ ಗಡ್ಡೆಗೆ ಅಸಿನಿಕ್ ಎಂದು ವರದಿ ಬಂದಿದ್ದರೆ ಒಮ್ಮೆ ಅನುಮಾನಿಸುವುದೇ ಸರಿ. ಪೆರೋಟಿಡ್‌ನ ಹೊರಗೆ ಹಿಂದೆ ಅಸಿನಿಕ್ ಎನಿಸಿಕೊಂಡವುಗಳಲ್ಲಿ ಹೆಚ್ಚಿನವು ಮರುಪರಿಶೀಲನೆಯಲ್ಲಿ ಸೆಕ್ರೀಟರಿ ಎಂದೇ ತೇಲಿವೆ.

ಮುಂದಿನ ಹಂತ ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಅಂದರೆ ಪ್ರತಿಕಾಯಗಳನ್ನು ಬಳಸಿ ಕೋಶದ ಪ್ರೋಟೀನುಗಳನ್ನು ಗುರುತಿಸುವುದು. ಸೆಕ್ರೀಟರಿಯಲ್ಲಿ ಎಸ್100 ಮತ್ತು ಮ್ಯಾಮಾಗ್ಲೋಬಿನ್ ಎಂಬ ಪ್ರೋಟೀನುಗಳೆರಡೂ ಗಟ್ಟಿಯಾಗಿ, ಹರವಾಗಿ ಪಾಸಿಟಿವ್. ಡಾಗ್1 ಎಂಬ ಪ್ರೋಟೀನು ಸಾಮಾನ್ಯವಾಗಿ ನೆಗೆಟಿವ್. ಅಸಿನಿಕ್‌ನಲ್ಲಿ ಇದು ತಿರುವುಮುರುವು: ಡಾಗ್1 ಪೊಳ್ಳಿನ ಅಂಚಿಗೆ ಗೆರೆ ಎಳೆದಂತೆ ಕಾಣುತ್ತದೆ, ನ್ಯೂಕ್ಲಿಯಸ್‌ನಲ್ಲಿ ಎನ್‌ಆರ್‌4ಎ3 ಎಂಬ ಪ್ರೋಟೀನು ಪಾಸಿಟಿವ್. ಎನ್‌ಆರ್‌4ಎ3 ಬಳಕೆಗೆ ಬಂದದ್ದು 2019ರ ನಂತರ, ಅದು ಬಂದ ಮೇಲೆ ಕೆಲಸ ಎಷ್ಟೋ ಹಗುರವಾಗಿದೆ. ಎಸ್100 ಒಂದನ್ನೇ ನೆಚ್ಚಿಕೊಳ್ಳುವುದು ದೊಡ್ಡ ತಪ್ಪು. ಅಂಗುಳದಲ್ಲಿ ಬರುವ ಪಾಲಿಮಾರ್ಫಸ್ ಅಡಿನೋಕಾರ್ಸಿನೋಮಾದಲ್ಲೂ ಎಸ್100 ಅಷ್ಟೇ ಗಟ್ಟಿ. ಕೆಲವೊಮ್ಮೆ ಮ್ಯಾಮಾಗ್ಲೋಬಿನ್ ಕೂಡ ಬರುತ್ತದೆ.

ಸಂದೇಹ ಉಳಿದರೆ, ಅಥವಾ ಔಷಧದ ಪ್ರಶ್ನೆ ಎದುರಾದರೆ, ಜೀನ್ ಬೆಸುಗೆಯನ್ನೇ ಹುಡುಕಬೇಕು. ಅದಕ್ಕೆ ಮೂರು ದಾರಿಗಳಿವೆ. ಎನ್‌ಟಿಆರ್‌ಕೆ ಜೀನ್‌ಗಳ ಪ್ರೋಟೀನುಗಳನ್ನು ಗುರುತಿಸುವ ಪಾನ್-ಟಿಆರ್‌ಕೆ ಬಣ್ಣ ಅಗ್ಗ, ಬೇಗ ಸಿಗುತ್ತದೆ. ನ್ಯೂಕ್ಲಿಯಸ್‌ನಲ್ಲಿ ಬಣ್ಣ ಹಿಡಿದಿದ್ದರೆ ಬೆಸುಗೆ ಇರುವ ಸಾಧ್ಯತೆ ಬಲವಾಗುತ್ತದೆ. ಎರಡನೆಯದು ಫಿಶ್ ಪರೀಕ್ಷೆ. ಇಟಿವಿ6 ಜೀನಿನ ಎರಡು ಬದಿಗೂ ಕೆಂಪು, ಹಸಿರು ಚುಕ್ಕೆ ಅಂಟಿಸಿ ಅವು ಜೊತೆಗಿವೆಯೋ ದೂರ ಸರಿದಿವೆಯೋ ಎಂದು ಎಣಿಸುತ್ತಾರೆ. ದೂರ ಸರಿದಿದ್ದರೆ ಇಟಿವಿ6 ಮುರಿದಿದೆ ಎಂದರ್ಥ, ಆದರೆ ಯಾರೊಂದಿಗೆ ಬೆಸೆದಿದೆ ಎಂಬುದು ಅದರಿಂದ ತಿಳಿಯದು. ಕೆಲವು ಗಡ್ಡೆಗಳಲ್ಲಿ ಇಟಿವಿ6ರ ಜೊತೆಗಾರ ಎನ್‌ಟಿಆರ್‌ಕೆ3 ಅಲ್ಲ, ರೆಟ್ ಎಂಬ ಬೇರೆಯೇ ಜೀನ್. ಅಂಥ ಗಡ್ಡೆಯಲ್ಲಿ ಪಾನ್-ಟಿಆರ್‌ಕೆ ನೆಗೆಟಿವ್ ಬರುತ್ತದೆ, ಫಿಶ್ ಪಾಸಿಟಿವ್ ಬರುತ್ತದೆ, ಓದುವವರು ತಲೆ ಕೆರೆದುಕೊಳ್ಳುತ್ತಾರೆ. ಜೋಡಿಯ ಹೆಸರು ಸಮೇತ ಹೇಳುವುದು ಮೂರನೆಯದಾದ ಆರ್‌ಎನ್‌ಎ ಸೀಕ್ವೆನ್ಸಿಂಗ್, ಅಂದರೆ ಜೀನ್‌ನಿಂದ ನಕಲಾದ ಆರ್‌ಎನ್‌ಎಯ ಅಕ್ಷರಗಳನ್ನೇ ಓದುವ ಪರೀಕ್ಷೆ ಮಾತ್ರ.

ಜೋಡಿಯ ಹೆಸರು ಬೇಕಾಗುವುದು ಔಷಧಕ್ಕಾಗಿ. ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಅಂಚಿನವರೆಗೂ ಪೂರ್ತಿ ತೆಗೆದರೆ ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ. ಮರಳಿ ಬಂದು ಕತ್ತರಿಸಲಾಗದ ಸ್ಥಿತಿ ತಲುಪಿದ ಅಥವಾ ದೂರಕ್ಕೆ ಹರಡಿದ ಗಡ್ಡೆಗೆ ಮಾತ್ರ ಮಾತ್ರೆಗಳ ವಿಚಾರ ಬರುತ್ತದೆ. ಎನ್‌ಟಿಆರ್‌ಕೆ ಬೆಸುಗೆಯಿದ್ದರೆ ಅಂಗ ಯಾವುದೇ ಇರಲಿ, ಲಾರೊಟ್ರೆಕ್ಟಿನಿಬ್ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿತು, 2019ರಲ್ಲಿ ಎಂಟ್ರೆಕ್ಟಿನಿಬ್‌ಗೆ ಒಪ್ಪಿಗೆ ಸಿಕ್ಕಿತು. ರೆಟ್ ಬೆಸುಗೆಯಾದರೆ ಸೆಲ್‌ಪರ್ಕಟಿನಿಬ್ ಎಂಬ ಬೇರೆ ಔಷಧ. ಅಸಿನಿಕ್ ಎಂದು ತಪ್ಪು ಹೆಸರು ಬಿದ್ದ ರೋಗಿಗೆ ಈ ಪರೀಕ್ಷೆಯನ್ನು ಮಾಡಿಸಬೇಕೆಂದೇ ಯಾರಿಗೂ ಹೊಳೆಯದೆ ಹೋಗಬಹುದು.

ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಇದರಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ? ಆರಂಭಕ್ಕೆ ಅದೇ ಸರಿಯಾದ ಪರೀಕ್ಷೆ. ಪೆರೋಟಿಡ್‌ನೊಳಗೆ ಮುಖದ ನರ ಹಾದುಹೋಗುವುದರಿಂದ ಚಾಕು ಹಾಕಿ ತುಣುಕು ತೆಗೆಯುವುದನ್ನು ಆದಷ್ಟು ತಪ್ಪಿಸುತ್ತಾರೆ. ಆದರೆ ಗಡ್ಡೆ ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗಿದೆಯೇ ಎಂಬುದು ಸೂಜಿಗೆ ಸಿಕ್ಕ ಬಿಡಿ ಕೋಶಗಳಲ್ಲಿ ಕಾಣದು. ಸೆಕ್ರೀಟರಿ ಗಡ್ಡೆಯಲ್ಲಿ ನೀರು ತುಂಬಿದ ಭಾಗ ಇರುವುದುಂಟು. ಸೂಜಿ ಅಲ್ಲಿಗೇ ಹೋದರೆ ಬರೀ ದ್ರವ ಬಂದು ‘ಸಿಸ್ಟ್’ ಎಂದು ವರದಿಯಾಗುತ್ತದೆ. ದ್ರವ ತೆಗೆದ ಮೇಲೂ ಗಂಟು ಉಳಿದಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ಗಟ್ಟಿ ಭಾಗಕ್ಕೆ ಮತ್ತೆ ಸೂಜಿ ಹಾಕಿಸಬೇಕು. ಜೊಲ್ಲುಗ್ರಂಥಿಯ ಸೂಜಿ ಪರೀಕ್ಷೆಯ ವರದಿಗಳನ್ನು ವಿಂಗಡಿಸುವ 2018ರ ಮಿಲಾನ್ ಪದ್ಧತಿಯ ಆರು ವಿಭಾಗಗಳಲ್ಲಿ ‘ಗಡ್ಡೆ ಹೌದು, ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗದು’ ಎಂಬುದಕ್ಕೂ ಜಾಗವಿದೆ. ಅಂಥ ವರದಿಯನ್ನು ಕ್ಯಾನ್ಸರ್ ಇಲ್ಲ ಎಂದು ಓದಿಕೊಳ್ಳಬಾರದು.

ಇಷ್ಟೆಲ್ಲ ಪರೀಕ್ಷೆ ನಿಂತಿರುವುದು ಅಂಗಾಂಶವನ್ನು ಹೇಗೆ ಕಾಪಾಡಿದ್ದಾರೆ ಎಂಬುದರ ಮೇಲೆ. ತೆಗೆದ ಗಡ್ಡೆ ತಡಮಾಡದೆ ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರಾವಣ ತುಣುಕಿನ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ದೊಡ್ಡ ಗಡ್ಡೆಯನ್ನು ಸೀಳದೆ ಮುಳುಗಿಸಿದರೆ ಒಳಭಾಗ ಕೊಳೆಯುತ್ತದೆ, ದಿನಗಟ್ಟಲೆ ಅದರಲ್ಲೇ ಬಿಟ್ಟರೆ ಆರ್‌ಎನ್‌ಎ ಚೂರುಚೂರಾಗಿ ಸೀಕ್ವೆನ್ಸಿಂಗ್ ಕೈಕೊಡುತ್ತದೆ. ಎರಡನೇ ಅಭಿಪ್ರಾಯಕ್ಕೆ ಬೇರೆ ಊರಿಗೆ ಹೊರಟವರು ಆಸ್ಪತ್ರೆಯಲ್ಲಿ ಬಣ್ಣ ಹಾಕಿದ ಸ್ಲೈಡ್‌ಗಳನ್ನಷ್ಟೇ ಅಲ್ಲ, ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಅನ್ನೂ ವರದಿಯ ಪ್ರತಿಯನ್ನೂ ಕೇಳಿ ಪಡೆಯಬೇಕು. ಬ್ಲಾಕ್‌ನ ಸಂಖ್ಯೆ ವರದಿಯಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ, ಬೇಸಿಗೆಯಲ್ಲಿ ಮೇಣ ಕರಗದಂತೆ ಬಿಸಿಲು ತಾಗದ ಕಡೆ ಇಟ್ಟುಕೊಂಡು ಹೋಗಿ.