ಅಂಗಡಿ ಆಟದಲ್ಲಿ ದುಡ್ಡು ತಿರುಗಬೇಕು

ಅಂಗನವಾಡಿಯಲ್ಲಾಗಲಿ, ಪ್ಲೇಹೋಮ್‌ನಲ್ಲಾಗಲಿ, ಅಂಗಡಿ ಆಟ ಚೆನ್ನಾಗಿ ಶುರುವಾಗಿ ಹತ್ತು ನಿಮಿಷಕ್ಕೆ ಜಗಳದಲ್ಲಿ ನಿಲ್ಲುತ್ತದೆ. ಒಬ್ಬ ನೋಟು ಕಸಿದ, ಇನ್ನೊಬ್ಬಳು ಅತ್ತಳು, ಟೀಚರ್ ದುಡ್ಡನ್ನೆಲ್ಲ ಎತ್ತಿ ಬೀರುವಿನಲ್ಲಿಟ್ಟರು. ಬೀರುವಿಗೆ ಕೈ ಹಾಕುವ ಮುಂಚೆ ಗಲ್ಲಾ ಡಬ್ಬಿ ತೆರೆದು ನೋಡಿ. ದುಡ್ಡೆಲ್ಲ ಅಂಗಡಿಯವನ ಹತ್ತಿರ ಸೇರಿರುತ್ತದೆ, ಕೊಳ್ಳುವ ನಾಲ್ಕು ಮಕ್ಕಳ ಕೈ ಖಾಲಿ. ಆಟ ಮುಂದುವರಿಸುವ ಆಸೆಯಿದೆ, ದಾರಿಯಿಲ್ಲ. ಆಗ ಮಗು ಕಸಿಯುತ್ತದೆ. ಇದು ಮಗುವಿನ ದುರಾಸೆಯಲ್ಲ, ನಾವು ಆಟ ಜೋಡಿಸಿದ ರೀತಿಯಲ್ಲಿರುವ ಕೊರತೆ.

ಗಲ್ಲಾದೊಳಗೆ ಹೋದ ದುಡ್ಡು ಹೊರಗೆ ಬರಲು ಒಂದು ಬಾಗಿಲು ಬೇಕು. ಸುಲಭದ ಬಾಗಿಲು ಕೂಲಿ. ಸಣ್ಣ ಅಕ್ಕಿ ಚೀಲಕ್ಕೆ ಹಳೆ ಬಟ್ಟೆ ತುಂಬಿ ಬಾಯಿ ಹೊಲಿದು ಮೂರು ಮೂಟೆ ಮಾಡಿಡಿ. ಕೈ ಖಾಲಿಯಾದ ಮಗು ಮೂಟೆ ಹೊತ್ತು ಅಂಗಡಿಗೆ ತಂದರೆ ಎರಡು ರೂಪಾಯಿ. ಎರಡನೆಯ ಬಾಗಿಲು, ತರಕಾರಿ ಅಂಗಡಿಯ ಎದುರಿಗೇ ಒಂದು ಟೀ ಹೋಟೆಲು. ಅಂಗಡಿಯವನೂ ಟೀ ಕುಡಿಯಬೇಕಲ್ಲ! ಅವನು ಎದ್ದು ಹೋದಾಗ ಅಂಗಡಿ ನೋಡಿಕೊಳ್ಳಲು ಇನ್ನೊಂದು ಮಗು ಕೂರುತ್ತದೆ, ಯಜಮಾನಿಕೆಯೂ ತಾನಾಗಿ ಕೈ ಬದಲಾಗುತ್ತದೆ. ದೊಡ್ಡ ಮಗುವೇ ದಿನವೂ ಗಲ್ಲಾದ ಮೇಲೆ ಕೂರುವ ತಂಟೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ದುಡ್ಡು ತಿರುಗಿಸುವ ಕೆಲಸಕ್ಕೆ ಬಸ್ಸಿನ ಆಟವನ್ನು ನೆಚ್ಚಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನ ಜೊತೆ ಸರ್ಕಾರಿ ಬಸ್ಸು ಹತ್ತುವ ಮಕ್ಕಳು ಶೂನ್ಯ ಟಿಕೆಟನ್ನೇ ಕಂಡಿರುತ್ತಾರೆ, ಆಟದಲ್ಲೂ ಅದನ್ನೇ ಕೇಳುತ್ತಾರೆ. ಅದು ಸರಿಯಾಗೇ ಇದೆ, ತಿದ್ದಬೇಡಿ.

ದುಡ್ಡು ಹೆಚ್ಚಾದಷ್ಟೂ ಆಟ ಕೆಡುತ್ತದೆ. ಒಂದು ಸಲಕ್ಕೆ ಆರು ಮಕ್ಕಳು, ಒಬ್ಬರಿಗೆ ಐದರಂತೆ ಮೂವತ್ತು ರಟ್ಟಿನ ಬಿಲ್ಲೆ, ಎಲ್ಲವೂ ಒಂದು ರೂಪಾಯಿಯವು, ಇಷ್ಟು ಸಾಕು. ಸಾಮಾನು ಎಂಟು ಬಗೆ, ಬೆಲೆ ಒಂದು, ಎರಡು, ಮೂರು ರೂಪಾಯಿ ಮಾತ್ರ. ಬೆಲೆ ಚೀಟಿಯಲ್ಲಿ ಅಂಕಿಯ ಜೊತೆ ಅಷ್ಟೇ ಚುಕ್ಕಿ ಇಡಿ. ಅಂಕಿ ಗೊತ್ತಿಲ್ಲದ ಮಗು ಒಂದು ಚುಕ್ಕಿಗೆ ಒಂದು ಬಿಲ್ಲೆ ಇಟ್ಟು ದುಡ್ಡು ಕೊಡುತ್ತದೆ. ಎಣಿಕೆಯ ಬೇರು ಈ ಒಂದಕ್ಕೊಂದು ಜೋಡಿಸುವುದರಲ್ಲೇ ಇದೆ.

ಬಿಲ್ಲೆಯ ಅಳತೆ ಜೀವದ ಮಾತು. ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಕೂರುವ ಯಾವುದೇ ವಸ್ತು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಮ್ಮ ಹತ್ತು ರೂಪಾಯಿ ನಾಣ್ಯವೇ 27 ಮಿಲಿಮೀಟರ್, ಉಳಿದ ಚಿಲ್ಲರೆಯೂ ಅದಕ್ಕಿಂತ ದೊಡ್ಡದಲ್ಲ. ನೀರಿನ ಬಾಟಲಿಯ ಮುಚ್ಚಳ, ಹುಣಸೆ ಬೀಜ, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ನಾಣ್ಯ, ಎಲ್ಲವೂ ಅದೇ ಸಾಲಿಗೆ ಸೇರುತ್ತವೆ. ಹುಣಸೆ ಬೀಜವಂತೂ ಬಾಯಿಗಿಂತ ಮೊದಲು ಮೂಗಿಗೆ ಹೋಗುತ್ತದೆ. ಆದ್ದರಿಂದ ರಟ್ಟಿನ ಎರಡು ಪದರ ಅಂಟಿಸಿ ಐದು ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ. ಜಗಿದು ಮೆತ್ತಗಾದ ಬಿಲ್ಲೆಯನ್ನು ಅವತ್ತೇ ಎಸೆಯಿರಿ.

ಆಟಕ್ಕೆ ಕೊಟ್ಟ ಕ್ಯಾಲ್ಕುಲೇಟರ್, ಸದ್ದು ಮಾಡುವ ಗಲ್ಲಾ ಪೆಟ್ಟಿಗೆ, ಹಳೆ ಮೊಬೈಲು, ಇವುಗಳ ಬ್ಯಾಟರಿ ತೆಗೆದೇ ಕೊಡಿ. ತೆಗೆಯಲು ಬಾರದ ಮೊಬೈಲು ಬೇಡವೇ ಬೇಡ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಕೊಂಡು ತರುವ ಆಟಿಕೆಗೆ ಐಎಸ್‌ಐ ಗುರುತು ಇದೆಯೇ ನೋಡಿ, 2021ರ ಜನವರಿ 1ರಿಂದ ಅದು ಕಡ್ಡಾಯ. ಮಗು ನಾಣ್ಯವನ್ನೋ ಬ್ಯಾಟರಿಯನ್ನೋ ನುಂಗಿದ ಅನುಮಾನ ಬಂದರೂ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಬೇಡಿ. ನೇರವಾಗಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಉಸಿರು ಕಟ್ಟಿದ್ದರೆ, ಕೆಮ್ಮಲೂ ಆಗದಿದ್ದರೆ, ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಏಟು ಕೊಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ನಿಜವಾದ ನೋಟಿನ ಜೆರಾಕ್ಸ್ ಕೊಡುವ ಅಭ್ಯಾಸ ಕೆಲವು ಕಡೆ ಇದೆ. ಆಟಕ್ಕೇ ಆದರೂ ಅದು ಬೇಡ, ನೋಟನ್ನು ಹೋಲುವ ಕಾಗದ ತಯಾರಿಸುವುದು ಭಾರತೀಯ ನ್ಯಾಯ ಸಂಹಿತೆಯ 182ನೇ ಕಲಮಿನಡಿ ಅಪರಾಧ. ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಕ್ಕಳ ಕೈಯಲ್ಲೇ ಬಣ್ಣ ಹಾಕಿಸಿ.

ನೋಟು ಬೇಕಾಗುವುದೇ ಐದು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕ ಮಗುವಿನ ಮುಂದೆ ಐದು ರೂಪಾಯಿಯ ಒಂದು ನೋಟು, ಒಂದು ರೂಪಾಯಿಯ ಮೂರು ಬಿಲ್ಲೆ ಇಟ್ಟರೆ ಅದು ಬಿಲ್ಲೆಗಳನ್ನೇ ಬಾಚಿಕೊಳ್ಳುತ್ತದೆ. ಕಣ್ಣಿಗೆ ಮೂರು ಹೆಚ್ಚು, ಒಂದು ಕಡಿಮೆ. ಮಗು ದಡ್ಡವಲ್ಲ, ಬೆಲೆ ಕಣ್ಣಿಗೆ ಕಾಣುವ ವಸ್ತುವಲ್ಲ, ಅಷ್ಟೆ. ಕಾಣುವಂತೆ ಮಾಡುವುದು ನಮ್ಮ ಕೆಲಸ. ಐದು ರೂಪಾಯಿ ನೋಟನ್ನು ಒಂದು ಗೇಣಿಗಿಂತ ಉದ್ದವಾಗಿ, 28 ಸೆಂಟಿಮೀಟರ್, ಕತ್ತರಿಸಿ ಅದರ ಮೇಲೆ ಸಾಲಾಗಿ ಐದು ಬಿಲ್ಲೆಯಿಟ್ಟು ಅಂಚು ಗೆರೆ ಎಳೆಯಿರಿ. ಟೊಮೆಟೊಗೆ ಮೂರು ರೂಪಾಯಿ, ಕೊಳ್ಳುವ ಮಗು ಐದರ ನೋಟು ಕೊಟ್ಟಿದೆ ಅನ್ನಿ. ಅಂಗಡಿಯ ಮಗು ಗಲ್ಲಾದಿಂದ ಐದು ಬಿಲ್ಲೆ ತೆಗೆದು ನೋಟಿನ ಐದು ಮನೆಗೂ ತುಂಬುತ್ತದೆ. ಅದರಿಂದ ಮೂರನ್ನು ಗಲ್ಲಾಕ್ಕೆ ಹಾಕುತ್ತದೆ. ನೋಟಿನ ಮೇಲೆ ಉಳಿದ ಎರಡು ಬಿಲ್ಲೆಯೇ ಚಿಲ್ಲರೆ. ಕಳೆಯುವ ಲೆಕ್ಕವನ್ನು ಬಾಯಲ್ಲಿ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ದೊಡ್ಡವರು ಮಾಡುವ ತಪ್ಪು ಒಂದೇ: ಆಟದ ಮಧ್ಯೆ ಬಂದು ಪರೀಕ್ಷೆ ಮಾಡುವುದು. "ಇದು ಎಷ್ಟು? ಎಣಿಸಿ ಹೇಳು" ಅಂದ ತಕ್ಷಣ ಸಂತೆ ಹೋಗಿ ತರಗತಿ ಬರುತ್ತದೆ. ಏನಾದರೂ ಹೇಳಲೇಬೇಕು ಅನ್ನಿಸಿದರೆ ಗಿರಾಕಿಯಾಗಿ ಬನ್ನಿ. "ಏನಣ್ಣಾ, ಬದನೆಕಾಯಿ ಮೂರು ರೂಪಾಯಾ? ಜಾಸ್ತಿ ಆಯ್ತು, ಎರಡಕ್ಕೆ ಕೊಡ್ತೀಯಾ?" ಮಗು ಯೋಚಿಸುತ್ತದೆ, ಚೌಕಾಸಿಗೆ ಇಳಿಯುತ್ತದೆ, ಕೊನೆಗೆ ಕೊಸರು ಅಂತ ಒಂದು ಮೆಣಸಿನಕಾಯಿ ಹಾಕುತ್ತದೆ. ದುಡ್ಡಿಲ್ಲದ ಗೆಳತಿಗೆ "ಬರ್ಕೋತೀನಿ, ನಾಳೆ ಕೊಡು" ಅನ್ನುವ ಮಕ್ಕಳೂ ಇರುತ್ತಾರೆ. ಗಲ್ಲಾದ ಪಕ್ಕ ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಇಡಿ. ಅದರಲ್ಲಿ ಗೀಚುವ ಉದ್ರಿ ಲೆಕ್ಕ ಮಗುವಿನ ಮೊದಲ ಬರವಣಿಗೆ. ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿ "ಹತ್ತು ರೂಪಾಯಿ ಬಂತು" ಅನ್ನುವುದನ್ನೂ ತಡೆಯಬೇಡಿ. ರಟ್ಟಿನ ಮೊಬೈಲಿನ ಹಿಂದೆ ಜೇಬು ಅಂಟಿಸಿ ಬಿಲ್ಲೆ ಹಾಕಿಡಿ. ಸ್ಕ್ಯಾನ್ ಆದ ಮೇಲೆ ಜೇಬಿನಿಂದ ತೆಗೆದು ಕೊಡಬೇಕು ಎಂಬ ನಿಯಮ ಇದ್ದರೆ ಮೊಬೈಲಿನ ದುಡ್ಡೂ ಖಾಲಿಯಾಗುತ್ತದೆ ಎಂಬುದು ತಿಳಿಯುತ್ತದೆ.

"ನಿಮ್ಮಪ್ಪನ ಹತ್ರ ದುಡ್ಡಿಲ್ಲ" ಎಂಬ ಮಾತು ಬಂದರೆ ಮಾತ್ರ ಕೇಳಿಸದಂತೆ ಇರಬೇಡಿ. ಅಂದವರನ್ನು ಬೈಯದೆ, ಅನ್ನಿಸಿಕೊಂಡ ಮಗುವನ್ನು ಅಲ್ಲೇ ಕೂಲಿಗೆ ಕರೆದು ಆಟದೊಳಗೆ ತನ್ನಿ. ಆಟದ ದುಡ್ಡನ್ನು ಊಟ ಪೂರ್ತಿ ಮಾಡಿದ್ದಕ್ಕೆ, ಸುಮ್ಮನೆ ಕೂತಿದ್ದಕ್ಕೆ ಬಹುಮಾನವಾಗಿ ಹಂಚುವುದೂ ಬೇಡ. ಹಾಗೆ ಮಾಡಿದ ದಿನದಿಂದ ಮಕ್ಕಳು ಅದನ್ನು ಬಚ್ಚಿಡತೊಡಗುತ್ತಾರೆ.

ಮುಗಿಸುವಾಗ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಐದೈದರ ಆರು ಸಾಲು ವೃತ್ತ ಬರೆದು ಹಾಸಿ. ಪ್ರತಿ ಬಿಲ್ಲೆಯೂ ತನ್ನ ಮನೆಗೆ ಬರಬೇಕು. ಒಂದು ಮನೆ ಖಾಲಿ ಉಳಿದರೆ "ಯಾರು ಕದ್ದರು" ಅನ್ನಬೇಡಿ. "ಒಂದು ಬಿಲ್ಲೆ ಇನ್ನೂ ಮನೆಗೆ ಬಂದಿಲ್ಲ, ಹುಡುಕೋಣ" ಅನ್ನಿ. ಜೇಬಿನಲ್ಲಿಟ್ಟುಕೊಂಡ ಮಗು ಬಹುಪಾಲು ತಾನೇ ತಂದಿಡುತ್ತದೆ. ಮನೆಗೆ ಹೋಗಿಬಿಟ್ಟ ಬಿಲ್ಲೆಗೆ ಬದಲಾಗಿ ಹಾಕಲು ನಾಲ್ಕೈದು ಹೆಚ್ಚಿಗೆ ಮಾಡಿಟ್ಟುಕೊಳ್ಳಿ.